ಉಪ್ಪುಗಾಳಿಯ ಊರಿಗೆ ಯಾವ ಎಸಿ?

ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಯಾವುದಾದರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಎಸಿ ತೋರಿಸಿ ಎಂದರೆ ಸೇಲ್ಸ್ ಹುಡುಗನ ಬಾಯಿಂದ ಮೊದಲು ಬರುವ ಮಾತು: ‘ಹೊರಗೆ 52 ಡಿಗ್ರಿ ಇದ್ರೂ ಇದು ಕೂಲಿಂಗ್ ಕೊಡ್ತದೆ ಸರ್.’ ರಾಯಚೂರು, ಕಲಬುರಗಿಯವರಿಗೆ ಅದು ಕೆಲಸಕ್ಕೆ ಬರುವ ಮಾತು. ಕಾರವಾರದಿಂದ ಉಳ್ಳಾಲದವರೆಗಿನ ಕಡಲಂಚಿನಲ್ಲಿ ತಾಪಮಾನ 40 ಮುಟ್ಟುವುದೇ ಅಪರೂಪ. ಇಲ್ಲಿ ಜೀವ ಹಿಂಡುವುದು ಸೆಕೆ. 34 ಡಿಗ್ರಿಗೇ ಅಂಗಿ ಬೆನ್ನಿಗೆ ಅಂಟುತ್ತದೆ, ರಾತ್ರಿ ಹನ್ನೊಂದಾದರೂ ದಿಂಬು ಒದ್ದೆ. ಹವಾಮಾನ ಇಲಾಖೆಯೂ ಇದನ್ನು ಲೆಕ್ಕಕ್ಕೆ ಹಿಡಿದಿದೆ. ಬಿಸಿಗಾಳಿ ಎಂದು ಘೋಷಿಸಬೇಕಾದರೆ ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಇರಬೇಕು, ಕರಾವಳಿಯಲ್ಲಿ 37 ಸಾಕು.

‘ಎಲ್ಲ ಬಿಡಿ ಮಾರಾಯ್ರೇ, ಯಾವ ಬ್ರ್ಯಾಂಡ್ ಒಳ್ಳೇದು ಹೇಳಿ’ ಎನ್ನುವವರಿಗೆ ಒಂದೇ ಹೆಸರು ಹೇಳಿ ಮುಗಿಸಬಹುದು. ಆದರೆ ಅದೇ ಹೆಸರು ಬೆಂಗಳೂರಿನ ಮನೆಯಲ್ಲಿ ಹತ್ತು ವರ್ಷ ಬಾಳಿ, ಸುರತ್ಕಲ್ಲಿನ ಮನೆಯಲ್ಲಿ ನಾಲ್ಕೇ ವರ್ಷಕ್ಕೆ ಕೈಕೊಟ್ಟೀತು. ಕರಾವಳಿಯಲ್ಲಿ ಎಸಿ ಎದುರಿಸಬೇಕಾದದ್ದು ಗಾಳಿಯ ತೇವವನ್ನು ಮತ್ತು ಗಾಳಿಯ ಉಪ್ಪನ್ನು. ಎಷ್ಟು ಟನ್ ಬೇಕು ಎಂಬುದನ್ನು ತೇವ ಹೇಳುತ್ತದೆ. ಯಾವ ಕಂಪನಿ ಎಂಬುದನ್ನು ಉಪ್ಪು ಹೇಳುತ್ತದೆ, ಜೊತೆಗೆ ನಿಮ್ಮೂರಿನ ಸರ್ವೀಸ್ ಸೆಂಟರ್ ಹೇಳುತ್ತದೆ.

ತೇವದ ಲೆಕ್ಕ

ಎಸಿ ಹುಟ್ಟಿದ್ದೇ ತೇವದ ಕಾಟಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರದೆ ಅಚ್ಚು ಕೆಡುತ್ತಿತ್ತು. ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ನೀರಿನಂಶ ಇಳಿಸುವ ಯಂತ್ರದ ವಿನ್ಯಾಸ ಮಾಡಿದ. ಜನರ ಸೆಕೆ ಆರಿಸುವ ಯೋಚನೆ ಬಂದದ್ದು ಆಮೇಲೆ.

ನಮ್ಮ ಗೋಡೆಯ ಮೇಲಿನ ಎಸಿ ಇವತ್ತಿಗೂ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಕೋಣೆಯ ಗಾಳಿಯನ್ನು ತಂಪು ಮಾಡುವುದು ಒಂದು, ಆ ಗಾಳಿಯಲ್ಲಿರುವ ಆವಿಯನ್ನು ನೀರಾಗಿಸಿ ಪೈಪಿನಲ್ಲಿ ಹೊರಗೆ ಕಳಿಸುವುದು ಇನ್ನೊಂದು. ಕಲಬುರಗಿಯ ಒಣ ಬೇಸಿಗೆಯಲ್ಲಿ ಎರಡನೆಯ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿ ಯಂತ್ರದ ಶಕ್ತಿಯ ದೊಡ್ಡ ಪಾಲು ನೀರು ಹಿಂಡುವುದಕ್ಕೇ ಹೋಗುತ್ತದೆ. ಏಪ್ರಿಲ್ ರಾತ್ರಿಯಲ್ಲಿ ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿ. ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರು ಸಿಕ್ಕಿದರೂ ಆಶ್ಚರ್ಯವಿಲ್ಲ. (ಆ ನೀರು ಗಿಡಗಳಿಗೆ ಆದೀತು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಉಳಿತಾಯ ಬೇಡ, ಅದರಲ್ಲಿ ಕಾಯಿಲಿನ ಕೊಳೆಯೂ ಇರುತ್ತದೆ.)

ಇದೇ ಕಾರಣಕ್ಕೆ, ಕಡಿಮೆ ದುಡ್ಡಿನಲ್ಲಿ ಸಿಗುತ್ತದೆ ಎಂದು ಏರ್ ಕೂಲರ್ ತರುವುದು ಕರಾವಳಿಯಲ್ಲಿ ದಂಡ. ಕೂಲರ್ ಗಾಳಿಗೆ ನೀರು ಸೇರಿಸಿ ತಂಪು ಮಾಡುತ್ತದೆ. ಮೊದಲೇ ನೀರು ತುಂಬಿದ ಗಾಳಿಗೆ ಇನ್ನಷ್ಟು ಸೇರಿಸಿದರೆ ಏನಾದೀತು ಎಂದು ಕೊಂಡವರನ್ನೇ ಕೇಳಿ.

ತೇವದ ಊರಿನವರು ಮಾಡುವ ದೊಡ್ಡ ತಪ್ಪೆಂದರೆ ‘ಇರಲಿ’ ಎಂದು ದೊಡ್ಡದನ್ನು ಕೊಳ್ಳುವುದು. ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆಗೆ 2 ಟನ್ ಹಾಕಿಸಿದರೆ ಹತ್ತು ನಿಮಿಷದಲ್ಲಿ ರಿಮೋಟಿನ ಅಂಕಿ ಮುಟ್ಟುತ್ತದೆ, ಕಂಪ್ರೆಸರ್ ವಿಶ್ರಾಂತಿಗೆ ಇಳಿಯುತ್ತದೆ. ಒಳಗಿನ ಕಾಯಿಲ್ ತಣ್ಣಗೆ ಉಳಿದರೆ ತಾನೇ ನೀರು ಹಿಂಡುವುದು? ಅದು ಬೆಚ್ಚಗಾದ ಮೇಲೆ ತೇವ ಕೋಣೆಯಲ್ಲೇ ಉಳಿಯುತ್ತದೆ. ಮೈ ತಣ್ಣಗೆ, ಹಾಸಿಗೆ ಮಾತ್ರ ಜಿಡ್ಡು. ಆಗ ಇನ್ನೂ ತಂಪಾಗಲಿ ಎಂದು 20ಕ್ಕೆ ಇಳಿಸುತ್ತೇವೆ, ಬಿಲ್ಲು ಏರುತ್ತದೆ.

ಸರಳ ಅಂದಾಜು ಹೀಗೆ. 120 ಚದರ ಅಡಿಯವರೆಗಿನ ಕೋಣೆಗೆ 1 ಟನ್, ಅಲ್ಲಿಂದ 180ರವರೆಗೆ 1.5 ಟನ್. ಕೋಣೆ ಮೇಲಿನ ಮಹಡಿಯಲ್ಲಿದ್ದು ಸ್ಲ್ಯಾಬ್ ನೇರವಾಗಿ ಬಿಸಿಲಿಗೆ ಕಾಯುತ್ತಿದ್ದರೆ, ಅಥವಾ ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇದ್ದರೆ ಒಂದು ಮೆಟ್ಟಿಲು ಮೇಲೆ ಹೋಗಿ. ನಮ್ಮ ಕಡೆ ಮಳೆಗೆಂದು ಟೆರೇಸಿನ ಮೇಲೆ ಶೀಟ್ ಮಾಡು ಹಾಕಿಸುವ ರೂಢಿ ಇದೆಯಲ್ಲ, ಅದು ಬೇಸಿಗೆಯಲ್ಲೂ ಉಪಕಾರಿ. ಶೀಟಿನ ಕೆಳಗೆ ಸ್ಲ್ಯಾಬ್ ನೆರಳಲ್ಲಿದ್ದರೆ ಮೇಲಿನ ಮೆಟ್ಟಿಲು ಹತ್ತುವ ಅಗತ್ಯವಿಲ್ಲ.

ಟನ್ ಎಂಬ ಅಂಕಿಯನ್ನೂ ಪೂರ್ತಿ ನಂಬಬೇಡಿ. ಒಂದು ಟನ್ ಎಂದರೆ 3,517 ವ್ಯಾಟ್ ತಂಪು, ಒಂದೂವರೆ ಟನ್ ಎಂದರೆ ಸುಮಾರು 5,275. ಆದರೆ 1.5 ಟನ್ ಎಂದು ಮಾರುವ ಯಂತ್ರಗಳಲ್ಲಿ 4,800 ವ್ಯಾಟ್‌ನವೂ ಇವೆ, 5,200 ದಾಟಿದವೂ ಇವೆ. ನಿಜವಾದ ಅಂಕಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ (ಬಿಇಇ) ಸ್ಟಾರ್ ಲೇಬಲ್ಲಿನ ಮೇಲೆಯೇ ಅಚ್ಚಾಗಿರುತ್ತದೆ. ಎರಡು ಬ್ರ್ಯಾಂಡ್‌ಗಳ ಬೆಲೆ ಹೋಲಿಸುವಾಗ ಈ ವ್ಯಾಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ‘ಅಗ್ಗ’ ಎನಿಸಿದ ಕೆಲವು ಅಗ್ಗವಾಗಿ ಉಳಿಯುವುದಿಲ್ಲ.

ಹಂಚಿನ ಮನೆಯವರಿಗೆ ಒಂದು ಮಾತು. ಹಂಚಿನ ಸಂದಿಗಳಲ್ಲಿ ಗಾಳಿ ಸದಾ ಒಳಗೆ ಹೊರಗೆ ಆಡುತ್ತಿರುತ್ತದೆ. ಆ ಮಾಡಿನ ಗುಣವೇ ಅದು. ಸೀಲಿಂಗ್ ಇಲ್ಲದ ಹಂಚಿನ ಕೋಣೆಗೆ ಎಷ್ಟು ಟನ್ ಹಾಕಿದರೂ ಅಂಗಳವನ್ನು ತಂಪು ಮಾಡಿದಂತೆಯೇ. ಮೊದಲು ಫಾಲ್ಸ್ ಸೀಲಿಂಗ್ ಮಾಡಿಸಿ, ಕಿಟಕಿ ಬಾಗಿಲುಗಳ ಸಂದಿ ಮುಚ್ಚಿಸಿ. ಎಸಿಯ ಮಾತು ಆಮೇಲೆ.

ಲಾಂಛನದ ಹಿಂದೆ ಯಾರಿದ್ದಾರೆ?

ಅಂಗಡಿಯ ಗೋಡೆಯ ಮೇಲೆ ಹದಿನೈದು ಹೆಸರುಗಳು ಸಾಲಾಗಿ ನಿಂತಿರುತ್ತವೆ. 1943ರಲ್ಲಿ ಶುರುವಾದ ಬ್ಲೂ ಸ್ಟಾರ್, 1954ರಲ್ಲಿ ಟಾಟಾ ಮತ್ತು ಸ್ವಿಸ್ ಮೂಲದ ವೋಲ್ಕಾರ್ಟ್ ಸೇರಿ ಕಟ್ಟಿದ ವೋಲ್ಟಾಸ್, ಗೋದ್ರೆಜ್, 2017ರಲ್ಲಿ ಹ್ಯಾವೆಲ್ಸ್ ಕೊಂಡ ಲಾಯ್ಡ್ ನಮ್ಮವು. ಡೈಕಿನ್, ಪ್ಯಾನಾಸೋನಿಕ್, ಮಿತ್ಸುಬಿಷಿ ಎಲೆಕ್ಟ್ರಿಕ್ ಜಪಾನಿನವು. ಎಲ್‌ಜಿ, ಸ್ಯಾಮ್‌ಸಂಗ್ ಕೊರಿಯಾದವು. ಹಿಟಾಚಿ ಹೆಸರಿನ ಎಸಿ ವ್ಯವಹಾರವನ್ನು 2025ರಲ್ಲಿ ಜರ್ಮನಿಯ ಬಾಷ್ ಕೊಂಡಿದೆ. ‘ಜಪಾನಿದು ಬಾಳಿಕೆ’, ‘ನಮ್ಮದೇ ಒಳ್ಳೇದು’ ಎಂಬ ವಾದಗಳು ಮದುವೆ ಮನೆಯಲ್ಲಿ ಹೊತ್ತು ಕಳೆಯಲು ಸಾಕು.

2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಯಾಸ್ ತುಂಬಿದ ಎಸಿಗಳ ಆಮದು ನಿಷೇಧಿಸಿತು. ಅಲ್ಲಿಂದೀಚೆಗೆ ಯಾವ ದೇಶದ ಹೆಸರಿದ್ದರೂ ಜೋಡಣೆಯಾಗುವುದು ಹೆಚ್ಚಾಗಿ ಇಲ್ಲೇ. ಆಂಧ್ರದ ಶ್ರೀಸಿಟಿಯಲ್ಲಿ ಡೈಕಿನ್ ಕಾರ್ಖಾನೆಯೂ ಇದೆ, ಬ್ಲೂ ಸ್ಟಾರ್‌ನದೂ ಇದೆ. ಅಂಬರ್ ಎಂಟರ್‌ಪ್ರೈಸಸ್‌ನಂತಹ ಕಂಪನಿ ಹಲವು ಬ್ರ್ಯಾಂಡ್‌ಗಳಿಗೆ ಎಸಿಯನ್ನೇ ತಯಾರಿಸಿ ಕೊಡುತ್ತದೆ, ಮೇಲೆ ಅಂಟುವ ಹೆಸರು ಮಾತ್ರ ಬೇರೆ. ಕಂಪ್ರೆಸರಿನ ಕಥೆಯೂ ಹಾಗೆಯೇ. ಡೈಕಿನ್, ಎಲ್‌ಜಿ, ಮಿತ್ಸುಬಿಷಿ ಎಲೆಕ್ಟ್ರಿಕ್‌ನಂತಹ ಕೆಲವು ಕಂಪನಿಗಳು ಸ್ವಂತ ಕಂಪ್ರೆಸರ್ ಮಾಡುತ್ತವೆ. ಉಳಿದ ಅನೇಕರು ಕೊಳ್ಳುವುದು ಬೆರಳೆಣಿಕೆಯ ತಯಾರಕರಿಂದ. ಹಾಗಾಗಿ ₹3,000 ವ್ಯತ್ಯಾಸದ ಎರಡು ಬೇರೆ ಹೆಸರಿನ ಯಂತ್ರಗಳ ಹೊಟ್ಟೆಯೊಳಗೆ ಒಂದೇ ಕಂಪ್ರೆಸರ್ ಇರುವುದೂ ಉಂಟು.

ಹಾಗೆಂದು ಬ್ರ್ಯಾಂಡ್ ಲೆಕ್ಕಕ್ಕಿಲ್ಲ ಎಂದಲ್ಲ. ಕರಾವಳಿಯಲ್ಲಿ ಅದನ್ನು ಅಳೆಯಬೇಕಾದದ್ದು ಹೊರಗಿನ ಘಟಕದ ಮೈ ಎಂಥದ್ದು, ಕೆಟ್ಟಾಗ ಬರುವವರು ಯಾರು ಎಂಬುದರಿಂದ.

ಹೊರಗಿನ ಪೆಟ್ಟಿಗೆಯ ಪಾಡು

ಸುರತ್ಕಲ್ಲಿನಿಂದ ಆಚೆ, ಕಡಲಿಗೆ ಮುಖ ಮಾಡಿದ ಮನೆಯೊಂದರ ಪಶ್ಚಿಮ ಗೋಡೆಯ ಎಸಿ ರಿಪೇರಿಗೆ ಮೆಕ್ಯಾನಿಕ್ ಬಂದಿದ್ದ. ಮನೆಯವರ ದೂರು, ‘ಗ್ಯಾಸ್ ಖಾಲಿಯಾಗಿದೆ.’ ಆತ ಹೊರಗಿನ ಘಟಕದ ಹಿಂಬದಿಯ ಜಾಲರಿಯನ್ನು ಹೆಬ್ಬೆರಳಿನಿಂದ ಮೆಲ್ಲ ಒತ್ತಿದ. ಅಲ್ಯೂಮಿನಿಯಂ ತಗಡಿನ ಸಾಲುಗಳು ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಕೈಗೆ ಬಂದವು. ತಾಮ್ರದ ಕೊಳವೆ ಹಸಿರು ಕಟ್ಟಿ ಬೋಳಾಗಿ ನಿಂತಿತ್ತು. ‘ಇದಕ್ಕೆ ಗ್ಯಾಸ್ ತುಂಬಿ ಎಂತ ಮಾಡುದು ಸರ್, ಕಾಯಿಲೇ ಹೋಗಿದೆ’ ಎಂದ. ಯಂತ್ರಕ್ಕೆ ನಾಲ್ಕು ಬೇಸಿಗೆಯೂ ತುಂಬಿರಲಿಲ್ಲ.

ಜಾಹೀರಾತಿನಲ್ಲಿ ‘100% ಕಾಪರ್’ ಎಂದು ದಪ್ಪಕ್ಷರದಲ್ಲಿ ಹಾಕುವುದು ಕೊಳವೆಯ ಬಗ್ಗೆ ಮಾತ್ರ. ಕೊಳವೆಯ ಸುತ್ತ ಪುಟದಂತೆ ಜೋಡಿಸಿದ ತೆಳು ತಗಡುಗಳು, ಅಂದರೆ ಫಿನ್‌ಗಳು, ಹೆಚ್ಚುಕಡಿಮೆ ಎಲ್ಲ ಮನೆಯ ಎಸಿಗಳಲ್ಲೂ ಅಲ್ಯೂಮಿನಿಯಮ್ಮಿನವೇ. ತಾಮ್ರ ಮತ್ತು ಅಲ್ಯೂಮಿನಿಯಂ ತಾಗಿಕೊಂಡಿರುವಲ್ಲಿ ಉಪ್ಪುನೀರಿನ ಪಸೆ ಕೂತರೆ ಅಲ್ಲೊಂದು ಪುಟ್ಟ ಬ್ಯಾಟರಿ ಆದ ಹಾಗೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಫಿನ್ ಹೋದ ಮೇಲೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಕಂಪ್ರೆಸರ್ ಏದುಸಿರು ಬಿಡುತ್ತ ಹೆಚ್ಚು ಕರೆಂಟ್ ಎಳೆಯುತ್ತದೆ, ಕೊನೆಗೆ ಅದೂ ಕೂರುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ಹೊರಗಿನ ಕಾಯಿಲಿಗೆ ತುಕ್ಕುನಿರೋಧಕ ಲೇಪ ಇದೆಯೇ ಎಂದು. ಬ್ಲೂ ಫಿನ್, ಗೋಲ್ಡ್ ಫಿನ್ ಎಂದು ಕಂಪನಿಗೊಂದು ಹೆಸರಿಟ್ಟಿರುತ್ತಾರೆ. ಬಣ್ಣ ಯಾವುದಕ್ಕೂ ಸಾಕ್ಷಿಯಲ್ಲ. ಕೆಲವು ಲೇಪಗಳ ಮುಖ್ಯ ಕೆಲಸ ನೀರಿನ ಹನಿ ಜಾರಿಸುವುದು, ಉಪ್ಪು ತಡೆಯುವುದಲ್ಲ. ಕೈಪಿಡಿಯಲ್ಲಿ ಉಪ್ಪಿನ ತುಂತುರಿನ ಪರೀಕ್ಷೆಗೆ ಎಷ್ಟು ಗಂಟೆ ಒಡ್ಡಿದ್ದಾರೆ ಎಂದು ಬರೆದಿದ್ದರೆ ಆ ಅಂಕಿಗೆ ಬೆಲೆ ಕೊಡಿ. ಲೇಪ ಒಳಗಿನ ಕಾಯಿಲಿಗೆ ಮಾತ್ರವೋ ಹೊರಗಿನದಕ್ಕೂ ಇದೆಯೋ ಎಂದು ಬಿಡಿಸಿ ಕೇಳಿ. ಹೊರಗಿನ ಪೆಟ್ಟಿಗೆಯ ತಗಡು, ಅದರೊಳಗಿನ ಸರ್ಕ್ಯೂಟ್ ಬೋರ್ಡಿಗೂ ಲೇಪ ಇರುವ ಮಾದರಿಗಳಿವೆ. ಕಡಲಿನಿಂದ ಒಂದೆರಡು ಕಿಲೋಮೀಟರಿನೊಳಗೆ ಮನೆಯಿದ್ದರೆ ವೈಫೈ, ಧ್ವನಿಯ ಆಜ್ಞೆ, ‘ಫೈವ್ ಇನ್ ಒನ್’ ಇವೆಲ್ಲದಕ್ಕಿಂತ ಮೊದಲು ಈ ಲೇಪಕ್ಕೇ ದುಡ್ಡು ಹಾಕಿ. ಕಡಲಿನಿಂದ ದೂರದ ಪುತ್ತೂರು, ಸುಳ್ಯದ ಕಡೆಯವರಿಗೆ ಇಷ್ಟು ತಲೆಬಿಸಿ ಬೇಡ.

ಪೂರ್ತಿ ಅಲ್ಯೂಮಿನಿಯಮ್ಮಿನ ಕಂಡೆನ್ಸರ್, ಅಂದರೆ ಹೊರಗಿನ ಕಾಯಿಲ್, ಕೂಡ ಮಾರುಕಟ್ಟೆಯಲ್ಲಿದೆ. ಎರಡು ಲೋಹಗಳ ಜಗಳ ಅದರಲ್ಲಿ ಕಡಿಮೆ. ಆದರೆ ಸೂಜಿಮೊನೆಯಷ್ಟು ತೂತಾದರೂ ಸ್ಥಳೀಯವಾಗಿ ಬೆಸುಗೆ ಹಾಕುವುದು ಕಷ್ಟ, ಇಡೀ ಕಾಯಿಲ್ ಬದಲಿಸಬೇಕು. ತಾಮ್ರವಾದರೆ ಯಾವ ಊರಿನ ಮೆಕ್ಯಾನಿಕ್ ಆದರೂ ಬೆಸುಗೆ ಹಾಕಿ ಕೊಡಬಲ್ಲ. ನನ್ನ ಆಯ್ಕೆ ಲೇಪವಿರುವ ತಾಮ್ರ.

ಇನ್ನು ವಾರಂಟಿ. ‘ಕಂಪ್ರೆಸರಿಗೆ ಹತ್ತು ವರ್ಷ’ ಎಂಬುದು ಕೇಳಲು ಚೆಂದ. ಇಡೀ ಯಂತ್ರಕ್ಕೆ ಹೆಚ್ಚಾಗಿ ಇರುವುದು ಒಂದೇ ವರ್ಷ. ಕರಾವಳಿಯಲ್ಲಿ ಮೊದಲು ಹೋಗುವುದು ಕಂಪ್ರೆಸರಲ್ಲ, ಕಾಯಿಲ್ ಮತ್ತು ಹೊರಗಿನ ಬೋರ್ಡ್. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ ಬೋರ್ಡಿನ ಎರಡು ತಂತಿಗಳ ನಡುವೆ ಕೂತರೆ ಹಲ್ಲಿಯೂ ಹೋಯಿತು, ₹8,000–10,000ದ ಬೋರ್ಡೂ ಹೋಯಿತು. ಇರುವೆ ಗೂಡು ಕಟ್ಟುವುದೂ ಸಾಮಾನ್ಯ. ಆದ್ದರಿಂದ ಕಂಡೆನ್ಸರ್ ಮತ್ತು ಪಿಸಿಬಿಗೆ (ಅಂದರೆ ಆ ಬೋರ್ಡಿಗೆ) ಐದು ವರ್ಷ ಕೊಡುವ ಕಂಪನಿಯನ್ನು, ಕಂಪ್ರೆಸರಿಗೆ ಮಾತ್ರ ಹತ್ತು ಕೊಡುವ ಕಂಪನಿಗಿಂತ ಮೇಲೆ ಇಡಿ. ಕಾರ್ಡಿನ ಹಿಂಬದಿಯ ಇರುವೆ ಅಕ್ಷರವನ್ನೂ ಓದಿ. ತುಕ್ಕು, ಇಲಿ ಹಲ್ಲಿಯ ಹಾನಿ, ಸಿಡಿಲು ಇವನ್ನು ವಾರಂಟಿಯಿಂದ ಹೊರಗಿಡುವ ಕಾರ್ಡುಗಳೇ ಹೆಚ್ಚು. ಬಿಡಿಭಾಗ ಪುಕ್ಕಟೆ ಕೊಟ್ಟರೂ ಗ್ಯಾಸ್ ಮತ್ತು ಕೆಲಸದ ಕೂಲಿಗೆ ಬಿಲ್ ಬರುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸರ್ವೀಸ್ ಯಾವ ಊರಿನಿಂದ ಬರುತ್ತದೆ?

ನನ್ನ ಮಟ್ಟಿಗೆ ಬ್ರ್ಯಾಂಡ್ ತೀರ್ಮಾನವಾಗುವುದು ಇಲ್ಲಿ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಬಹುತೇಕ ಎಲ್ಲ ಹೆಸರುಗಳಿಗೂ ಜನ ಸಿಗುತ್ತಾರೆ. ಬೈಂದೂರು, ಭಟ್ಕಳ, ಕುಮಟಾ, ಅಂಕೋಲಾದಲ್ಲಿ ಪರಿಸ್ಥಿತಿ ಬೇರೆ. ಅಂಗಡಿಯವರು ‘ಎಲ್ಲ ಕಡೆ ಸರ್ವೀಸ್ ಇದೆ’ ಎಂದೇ ಹೇಳುತ್ತಾರೆ. ಕೇಳಬೇಕಾದ ರೀತಿ ಬೇರೆ: ನನ್ನ ಪಿನ್‌ಕೋಡಿಗೆ ಬರುವ ಹುಡುಗ ಯಾವ ಊರಿನವನು, ಕಂಪನಿಯ ಸ್ವಂತ ಕೇಂದ್ರದವನೋ ಗುತ್ತಿಗೆಯವನೋ, ಪಿಸಿಬಿ ಹೋದರೆ ಬಿಡಿಭಾಗ ಮಂಗಳೂರಿನಲ್ಲೇ ಇದೆಯೋ ಬೆಂಗಳೂರಿನಿಂದ ಬರಬೇಕೋ? ಮಳೆಗಾಲದಲ್ಲಿ ಬೆಂಗಳೂರಿನ ದಾರಿಯ ಶಿರಾಡಿ ಘಾಟಿ ಕುಸಿದು ರಸ್ತೆ ಬಂದಾದರೆ ಅವರು ಹೇಳುವ ‘ಎರಡು ದಿನದಲ್ಲಿ ಬರ್ತದೆ’ ಎಷ್ಟು ದಿನವಾಗುತ್ತದೆ ಎಂದು ಹೇಳಬೇಕಿಲ್ಲ. ಕೊಳ್ಳುವ ಮೊದಲು ಕಂಪನಿಯ ಸಹಾಯವಾಣಿಗೆ ನೀವೇ ಫೋನ್ ಮಾಡಿ ಪಿನ್‌ಕೋಡ್ ಹೇಳಿ ನೋಡುವುದು ಇನ್ನೂ ಒಳ್ಳೆಯದು.

ಅದಕ್ಕಿಂತ ನಂಬಲರ್ಹ ಮೂಲ ನಿಮ್ಮೂರಿನ ಸ್ವತಂತ್ರ ಮೆಕ್ಯಾನಿಕ್. ಯಾವ ಕಂಪನಿಯ ಸಂಬಳವೂ ಇಲ್ಲದ ಆತನನ್ನು ‘ಯಾವುದು ಒಳ್ಳೇದು’ ಎಂದು ಕೇಳಬೇಡಿ. ‘ಯಾವುದರ ಪಾರ್ಟ್ ಬೇಗ ಸಿಗ್ತದೆ, ಯಾವುದರ ಕಾಯಿಲ್ ನಮ್ಮ ಗಾಳಿಗೆ ಬೇಗ ಹೋಗ್ತದೆ’ ಎಂದು ಕೇಳಿ. ಒಬ್ಬನಲ್ಲ, ಇಬ್ಬರು ಮೂವರನ್ನು ಕೇಳಿದಾಗ ಒಂದೆರಡು ಹೆಸರುಗಳು ಪುನಃ ಪುನಃ ಬರುತ್ತವೆ. ಆ ಹೆಸರುಗಳೇ ನಿಮ್ಮೂರಿನ ಬ್ರ್ಯಾಂಡ್.

ನಿನ್ನೆ ಮೊನ್ನೆ ಬಂದು ಆನ್‌ಲೈನ್ ಸೇಲಿನಲ್ಲಿ ಅರ್ಧ ಬೆಲೆಗೆ ಸಿಗುವ ಹೆಸರುಗಳನ್ನು ಸಣ್ಣ ಊರಿನವರು ದೂರ ಇಡುವುದೇ ಕ್ಷೇಮ. ಮಾದರಿ ನಿಂತುಹೋದರೆ ಬೋರ್ಡ್ ಸಿಗುವುದಿಲ್ಲ. ಹಳೆಯ ಹೆಸರುಗಳಲ್ಲಿ ಆ ಭಯ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಆ ಉಳಿತಾಯವನ್ನು ಇನ್ನೂ ದೊಡ್ಡ ಟನ್ನಿಗೆ ಹಾಕುವ ಬದಲು ಒಳ್ಳೆಯ ಹೆಸರಿಗೆ ಹಾಕಬಹುದು.

ಸ್ಟಾರ್ ಮತ್ತು ಗೃಹಜ್ಯೋತಿ

ಐದು ಸ್ಟಾರೋ ಮೂರೋ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಇನ್ನೊಂದು ಕೊಂಡಿ ಇದೆ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ.

ಮೊದಲು ಲೇಬಲ್ ಓದುವ ಕ್ರಮ. ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಐಎಸ್‌ಇಇಆರ್ ಎಂಬ ಅಂಕಿಯನ್ನು ನೋಡಿ. ಇದು ನಮ್ಮ ದೇಶದ ಹವೆಗೆ ತಕ್ಕಂತೆ, ಹೊರಗೆ 24ರಿಂದ 43 ಡಿಗ್ರಿವರೆಗಿನ ತಾಪಮಾನ ಹಿಡಿದು, ವರ್ಷಕ್ಕೆ 1,600 ಗಂಟೆ ಓಡಿದರೆ ಎಂದು ಕಟ್ಟಿದ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಕರೆಂಟ್ ಕಡಿಮೆ. ಬಿಇಇ ಆಗಾಗ ಮಾನದಂಡ ಬಿಗಿ ಮಾಡುವುದರಿಂದ ಹಿಂದಿನ ಅವಧಿಯ ಐದು ಸ್ಟಾರ್ ಈಗಿನ ಐದಕ್ಕೆ ಸಮನಲ್ಲ. ಹಳೆ ಸ್ಟಾಕ್ ರಿಯಾಯಿತಿಯಲ್ಲಿ ಸಿಕ್ಕಿದಾಗ ಲೇಬಲ್ಲಿನ ಅವಧಿಯನ್ನೂ ನೋಡಿ.

ಲೇಬಲ್ಲಿನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದೂ ಇರುತ್ತದೆ. ಅದನ್ನು 1,600ರಿಂದ ಭಾಗಿಸಿದರೆ ಗಂಟೆಯ ಅಂದಾಜು ಖರ್ಚು ಸಿಗುತ್ತದೆ. ಒಂದೂವರೆ ಟನ್ನಿನ ಯಂತ್ರದ ಮೇಲೆ 750 ಎಂದಿದ್ದರೆ ಗಂಟೆಗೆ ಅರ್ಧ ಯೂನಿಟ್‌ಗೂ ಸ್ವಲ್ಪ ಕಡಿಮೆ. 960 ಎಂದಿದ್ದರೆ 0.6 ಯೂನಿಟ್. ರಾತ್ರಿಗೆ ಎಂಟು ಗಂಟೆಯಂತೆ ತಿಂಗಳಿಗೆ 240 ಗಂಟೆ ಓಡಿಸಿದರೆ ಮೊದಲನೆಯದಕ್ಕೆ ಸುಮಾರು 113 ಯೂನಿಟ್, ಎರಡನೆಯದಕ್ಕೆ 144.

ಈಗ ಗೃಹಜ್ಯೋತಿ. ಯೋಜನೆಯಲ್ಲಿ ಸಾಮಾನ್ಯವಾಗಿ 2022–23ರ ಸರಾಸರಿ ಬಳಕೆಗೆ 10% ಸೇರಿಸಿ ನಿಮ್ಮ ಉಚಿತ ಪಾಲು ಗೊತ್ತುಮಾಡಿದ್ದಾರೆ. ಅದನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗಷ್ಟೇ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಸರಾಸರಿ 80 ಯೂನಿಟ್ ಬಳಸುವ ಮನೆಯೊಂದನ್ನು ತೆಗೆದುಕೊಳ್ಳಿ. ಅವರ ಉಚಿತ ಪಾಲು 88. ಏಪ್ರಿಲ್‌ನಲ್ಲಿ ಮೊದಲನೆಯ ಎಸಿ ಓಡಿದರೆ ಒಟ್ಟು 193 ಯೂನಿಟ್, ದುಡ್ಡು ಕಟ್ಟಬೇಕಾದದ್ದು 105ಕ್ಕೆ. ಎರಡನೆಯದಾದರೆ ಒಟ್ಟು 224, ಇನ್ನೂರರ ಗೆರೆ ದಾಟಿತು, 224ಕ್ಕೂ ಕಟ್ಟಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಯೂನಿಟ್‌ಗೆ ₹7 ಹಿಡಿದರೆ ಒಂದು ಕಡೆ ₹735, ಇನ್ನೊಂದು ಕಡೆ ₹1,568. ಕೇವಲ 31 ಯೂನಿಟ್ ವ್ಯತ್ಯಾಸಕ್ಕೆ ಬಿಲ್ ಎರಡು ಪಟ್ಟಿಗೂ ಹೆಚ್ಚು.

ಇನ್ನೂರರ ಅಂಚಿನಲ್ಲಿರುವ ಮನೆಗೆ ಐದು ಸ್ಟಾರ್‌ಗೆ ಕೊಡುವ ಹೆಚ್ಚುವರಿ ದುಡ್ಡು ಬೇಗ ಹುಟ್ಟುತ್ತದೆ. ಗೃಹಜ್ಯೋತಿಯೇ ಇಲ್ಲದ, ಅಥವಾ ಹೇಗೂ 300 ದಾಟುವ ಮನೆಯ ಲೆಕ್ಕ ಬೇರೆ. ವರ್ಷಕ್ಕೆ ನೂರು ರಾತ್ರಿ ಮಾತ್ರ ಎಸಿ ಹಾಕುವವರಿಗೆ ಮೇಲಿನ ಎರಡು ಯಂತ್ರಗಳ ನಡುವಿನ ಉಳಿತಾಯ ವರ್ಷಕ್ಕೆ 105 ಯೂನಿಟ್, ಅಂದರೆ ₹735. ಬೆಲೆಯಲ್ಲಿ ₹7,000–8,000 ಅಂತರವಿದ್ದರೆ ಅದು ತೀರಲು ಹತ್ತು ವರ್ಷ ಬೇಕು, ಉಪ್ಪುಗಾಳಿಯಲ್ಲಿ ಯಂತ್ರ ಅಷ್ಟು ವರ್ಷ ಬಾಳಿದರೆ. ಅಂಥವರು ಮೂರು ಸ್ಟಾರ್‌ನ ಇನ್ವರ್ಟರ್ ಎಸಿ ಕೊಂಡು ಉಳಿದದ್ದನ್ನು ಲೇಪವಿರುವ ಮಾದರಿಗೂ ಒಳ್ಳೆಯ ಫಿಟ್ಟಿಂಗಿಗೂ ಹಾಕುವುದು ಜಾಣತನ.

ಇನ್ನೊಂದು ಪುಕ್ಕಟೆ ಉಳಿತಾಯವಿದೆ. 2020ರಿಂದ ಎಲ್ಲ ಎಸಿಗಳೂ 24 ಡಿಗ್ರಿಯಲ್ಲೇ ಆನ್ ಆಗಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಎನ್ನುತ್ತದೆ ಬಿಇಇ. ಕರಾವಳಿಯಲ್ಲಿ 26ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ಎರಡಕ್ಕೆ ಹಾಕಿ ಮಲಗಿ ನೋಡಿ. ತೇವ ಇಳಿದರೆ 26 ಧಾರಾಳ ಸಾಕು.

ಫಿಟ್ಟಿಂಗ್ ದಿನ ಮನೆಯಲ್ಲೇ ಇರಿ

ಎಸಿ ಯಾವ ಕಂಪನಿಯದಾದರೂ ಅದರ ಅರ್ಧ ಆಯುಷ್ಯ ತೀರ್ಮಾನವಾಗುವುದು ಗೋಡೆಗೆ ಏರುವ ದಿನ. ಬೇಸಿಗೆಯ ಗದ್ದಲದಲ್ಲಿ ದಿನಕ್ಕೆ ಐದಾರು ಮನೆ ಮುಗಿಸುವ ಅವಸರದಲ್ಲಿ ಹುಡುಗರು ಬರುತ್ತಾರೆ. ಫೆಬ್ರವರಿಯಲ್ಲೇ ಕೊಂಡರೆ ಅವರಿಗೂ ಪುರುಸೊತ್ತು ಇರುತ್ತದೆ, ನಿಮಗೂ.

ಹೊರಗಿನ ಘಟಕವನ್ನು ಆದಷ್ಟು ಪಶ್ಚಿಮ ಗೋಡೆಗೆ ಹಾಕಿಸಬೇಡಿ. ಕಡಲ ಗಾಳಿ ನೇರ ಬಡಿಯದ ಪೂರ್ವದ ಅಥವಾ ಉತ್ತರದ ಗೋಡೆ ಹುಡುಕಿ, ನಾಲ್ಕು ಮೀಟರ್ ಹೆಚ್ಚು ಪೈಪಿಗೆ ದುಡ್ಡು ಹೋದರೂ ಅಡ್ಡಿಯಿಲ್ಲ. ಮಳೆಗೆ ನೆನೆಯುತ್ತದೆ ಎಂದು ಅದನ್ನು ಗೂಡಿನೊಳಗೆ ಮುಚ್ಚಿಡುವುದು ತಪ್ಪು. ಮಳೆಗೆ ನೆನೆಯುವಂತೆಯೇ ಅದನ್ನು ಕಟ್ಟಿರುತ್ತಾರೆ, ಮಳೆನೀರು ಉಪ್ಪು ತೊಳೆದು ಉಪಕಾರವನ್ನೇ ಮಾಡುತ್ತದೆ. ಸ್ಟ್ಯಾಂಡ್ ಮತ್ತು ಬೋಲ್ಟ್‌ಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಲಿ. ಎರಡನೇ ಮಹಡಿಯಿಂದ ತುಕ್ಕು ಹಿಡಿದ ಸ್ಟ್ಯಾಂಡ್ ಸಮೇತ ಯಂತ್ರ ಅಂಗಳಕ್ಕೆ ಬಿದ್ದರೆ ಬರೀ ಎಸಿಯ ನಷ್ಟದಲ್ಲಿ ಮುಗಿಯಲಿಕ್ಕಿಲ್ಲ.

ಪೈಪ್ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ ಮತ್ತು ತೇವ ಎಳೆಯಬೇಕು. ಕಡಿಮೆಯೆಂದರೂ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಪಂಪ್ ತಂದೇ ಇಲ್ಲದೆ, ಒಂದಿಷ್ಟು ಗ್ಯಾಸ್ ಹೊರಗೆ ಬಿಟ್ಟು ‘ಏರ್ ತೆಗ್ದಾಯ್ತು’ ಎಂದು ಹೇಳಿದರೆ ಒಪ್ಪಬೇಡಿ. ಒಳಗೆ ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಕಂಪ್ರೆಸರನ್ನು ನಿಧಾನಕ್ಕೆ ತಿನ್ನುತ್ತದೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಉರಿಯುವಂಥದ್ದು, ಅದನ್ನು ಕೋಣೆಗೆ ಬಿಡುವುದೂ ಸರಿಯಲ್ಲ.

ವೈರಿಂಗಿನಲ್ಲಿ ಎಸಿಗೆಂದೇ ಮೀಟರ್ ಬೋರ್ಡಿನಿಂದ ಬೇರೆ ಲೈನ್ ಎಳೆಸಿ, ಬೇರೆ ಎಂಸಿಬಿ ಹಾಕಿಸಿ. ಒಂದೂವರೆ ಟನ್ನಿಗೆ 4 ಚದರ ಮಿಲಿಮೀಟರ್ ವೈರ್ ಇದ್ದರೆ ನಿಶ್ಚಿಂತೆ. ಅರ್ಥಿಂಗ್ ಹಳೆಯದಾಗಿದ್ದರೆ ಇದೇ ನೆಪದಲ್ಲಿ ಸರಿಮಾಡಿಸಿ. ‘ಸ್ಟೆಬಿಲೈಸರ್ ಬೇಡ’ ಎಂಬ ಮಾದರಿಗಳೂ ಇಷ್ಟು ವೋಲ್ಟೇಜಿನಿಂದ ಇಷ್ಟರವರೆಗೆ ಎಂದು ಒಂದು ಮಿತಿ ಬರೆದಿರುತ್ತವೆ. ಟ್ರಾನ್ಸ್‌ಫಾರ್ಮರಿನ ಕಟ್ಟಕಡೆಯ ಮನೆ ನಿಮ್ಮದಾಗಿದ್ದು, ಸಂಜೆ ಬಲ್ಬ್ ಮಂಕಾಗುತ್ತಿದ್ದರೆ ಸ್ಟೆಬಿಲೈಸರ್ ಇರಲಿ.

‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸ್ಬೇಕು’ ಎನ್ನುವವನನ್ನು ನಯವಾಗಿ ಕಳಿಸಿಬಿಡಿ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಲ್ಲ. ಮುಚ್ಚಿದ ಕೊಳವೆಯಲ್ಲಿ ಅದು ಸುತ್ತುತ್ತಲೇ ಇರುತ್ತದೆ, ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕಿ ಮುಚ್ಚದೆ ತುಂಬಿಸಿದ ಗ್ಯಾಸಿನ ದುಡ್ಡು ಗಾಳಿಗೆ ಹೋದದ್ದೇ.

ನೀವೇ ಮಾಡಬಹುದಾದ ಕೆಲಸ ಹೆಚ್ಚಿಲ್ಲ. ಹದಿನೈದು ದಿನಕ್ಕೊಮ್ಮೆ ಒಳಗಿನ ಫಿಲ್ಟರ್ ತೆಗೆದು ನಳ್ಳಿಯ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಎಂಸಿಬಿ ಇಳಿಸಿ, ಹೊರಗಿನ ಘಟಕದ ಕಾಯಿಲಿಗೆ ಮೆಲ್ಲನೆಯ ಧಾರೆಯಲ್ಲಿ ಬಾವಿಯ ಸಿಹಿನೀರು ಬಿಡಿ. ಕಡಲಿಗೆ ಹತ್ತಿರದ ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ಉಪ್ಪು ಏರುತ್ತದೆ, ಆ ನೀರು ಬೇಡ. ಬೇಗ ಬೆಳ್ಳಗೆ ಹೊಳೆಯಲೆಂದು ಆಸಿಡ್ ಹೊಡೆಯುವ ಸರ್ವೀಸಿನವರನ್ನು ತಡೆಯಿರಿ, ನೀವು ದುಡ್ಡು ಕೊಟ್ಟು ಕೊಂಡ ಲೇಪ ಆ ಆಸಿಡ್ಡಿನ ಜೊತೆ ಇಳಿದುಹೋಗುತ್ತದೆ.

ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ರಿಮೋಟಿನಲ್ಲಿ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಜೂನ್ ಬಂತೆಂದು ಎಸಿಯನ್ನು ನಾಲ್ಕು ತಿಂಗಳು ಪೂರ್ತಿ ಮುಚ್ಚಿಡಲೂ ಬೇಡಿ. ಒಳಗಿನ ಕಾಯಿಲಿನಲ್ಲಿ ಬೂಷ್ಟು ಹಿಡಿದು, ಅಕ್ಟೋಬರಿನಲ್ಲಿ ಹಾಕಿದ ಮೊದಲ ದಿನವೇ ಮುಗ್ಗಲು ವಾಸನೆ ಹೊಡೆಯುತ್ತದೆ. ವಾರಕ್ಕೊಮ್ಮೆ ಡ್ರೈ ಮೋಡಿನಲ್ಲಿ ಒಂದು ಗಂಟೆ ಓಡಿಸಿ. ಓಡಿಸುವಾಗ ಆ ಕೋಣೆಯ ಕಪಾಟಿನ ಬಾಗಿಲು ತೆರೆದಿಟ್ಟರೆ ರೇಷ್ಮೆ ಸೀರೆಗಳೂ ಮಳೆಗಾಲದ ಬೂಷ್ಟಿನಿಂದ ಸ್ವಲ್ಪ ಪಾರಾಗುತ್ತವೆ.